ಸಂಜೆ ಐದರೊಳಗೆ ಒಂದು ಕಾಲೇಜು

ವೆಂಡೆಲ್,

ಒಲೆಯ ಮೇಲೆ ಬೀನ್ಸ್ ಇದೆ, ಬಿಸಿ ಮಾಡಿಕೋ. ರೂತಿಯನ್ನು ಅಮ್ಮನ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ನೀನು ಏಳುವವರೆಗೆ ಕಾಯುವ ತಾಳ್ಮೆ ನನಗಿಲ್ಲ.

ಮೂಳೆ-ಸ್ನಾಯುಗಳನ್ನು ಕೈಯಿಂದಲೇ ಮುಟ್ಟಿ ವಾಸಿ ಮಾಡುವ ಡಾಕ್ಟರಾಗಲು, ನಿನಗೆ ಸೀಟು ಕೊಟ್ಟ ಎರಡರಲ್ಲಿ ಯಾವ ಆಸ್ಟಿಯೋಪಥಿ ಕಾಲೇಜು ಸೇರುತ್ತೀ ಎಂದು ಸಂಜೆ ಐದರೊಳಗೆ ಅವರಿಗೆ ಬರೆದು ತಿಳಿಸಬೇಕು, ಮರೆಯಬೇಡ. ಫ್ಲೋರಿಡಾದ ಆ ಹೊಸ ಕಾಲೇಜಿಗೆ ನಿನ್ನೆ ನಾನೇ ಫೋನ್ ಮಾಡಿದೆ. ಮೂರನೇ ವರ್ಷ ಯಾವ ಆಸ್ಪತ್ರೆಯಲ್ಲಿ ಕಲಿಸುತ್ತೀರಿ ಎಂದರೆ, "ನಮ್ಮ ವಿದ್ಯಾರ್ಥಿಗಳು ಸ್ವತಂತ್ರರು ಮೇಡಂ, ಆಸ್ಪತ್ರೆ ಅವರೇ ಹುಡ್ಕೋತಾರೆ!" ಎಂದ ಪುಣ್ಯಾತ್ಮ. ಅಡುಗೆಮನೆಯೇ ಇಲ್ಲದ ಹೋಟೆಲಿನವನು ಮಾತಾಡಿದ ಹಾಗಿತ್ತು. ರೋಗಿಗಳಿಲ್ಲ, ಆದರೆ ಹುಡುಗರು ಹತ್ತಿಳಿದು ಆಡುವುದಕ್ಕೆ ಕೃತಕ ಬಂಡೆಯ ಗೋಡೆಯಿದೆ! ಅದರ ಫೋಟೋವನ್ನು ನೀನು ಚರ್ಚಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದಾಗ ನಾನು ಹಾಡಿನ ಪುಸ್ತಕದ ಹಿಂದೆ ಮುಖ ಮರೆಸಿಕೊಂಡೆ. ಮಂಗಗಳಿಗೆ ತಕ್ಕ ಕಾಲೇಜು.

ನಮ್ಮ ಮಿಸೌರಿಯ ಹಳೇ ಕಾಲೇಜಿನ ಸುಣ್ಣಬಣ್ಣ ಹೋಗಿದೆ, ನಿಜ. ಆದರೆ ಪಕ್ಕದಲ್ಲೇ ಆಸ್ಪತ್ರೆಯಿದೆ. ಸಂದರ್ಶನದ ದಿನ ಅಲ್ಲಿನ ಮುದಿ ಮೇಷ್ಟ್ರು ನಿನ್ನ ಕೈಯನ್ನು ಇನ್ನೊಬ್ಬ ಹುಡುಗನ ಬೆನ್ನ ಮೇಲಿಟ್ಟು, "ಒತ್ತಬೇಡ ಮರಿ, ಕೇಳಿಸ್ಕೋ" ಎಂದರಂತೆ. ಆ ದಿನ ಮನೆಗೆ ಬಂದ ನೀನು ಊಟ ಮರೆತು, ರೂತಿಯ ಪುಟ್ಟ ಬೆನ್ನಿಗೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿದ್ದೆ. ನಾನು ಮದುವೆಯಾದದ್ದು ಆ ಮನುಷ್ಯನನ್ನು.

ಫ್ಲೋರಿಡಾ ಎಂದು ಬರೆದರೆ ಒಬ್ಬನೇ ಹೋಗು. ಆಸ್ಪತ್ರೆ ಹುಡುಕುತ್ತ ಊರೂರು ಅಲೆಯುವವನ ಹಿಂದೆ ಮಗು ಹೊತ್ತು ಬರುವವಳು ನಾನಲ್ಲ. ಮಿಸೌರಿ ಎಂದರೆ ಫೋನ್ ಮಾಡು, ರೂತಿಯನ್ನು ಕರೆದುಕೊಂಡು ಮನೆಗೆ ಬರುತ್ತೇನೆ.

ಏಡಾ