ಹೂವಿನ ದಿಂಡಿಗಿ ಬಂದ ಟವಲು

ಗುಡ್ಡದವಾಡಿ, ತಾ. ಆಳಂದ
೧೯ ಜನವರಿ ೨೦೨೫, ಐತವಾರ

ಸಪ್ನಾನ ಪಪ್ಪಾ ಅವರಿಗಿ ಶಿವಕಾಂತಾ ಮಾಡೋ ಶರಣಾರ್ಥಿ.

ಆರಾಮ ಇದ್ದೀರಿಲ್ರಿ? ನಡಾ ನೋವು ಹ್ಯಾಂಗದ? ದಿನಾ ಜೆಸಿಬಿ ಮ್ಯಾಲ ಕುಂತ್ರ ನಡಾ ಹಿಡೀದೆ ಏನ ಮಾಡ್ತದ, ಮಲಗೋವಾಗ ಕುಸುಬಿ ಎಣ್ಣಿ ಜರಾ ಬಿಸಿ ಮಾಡಿ ಹಚ್ಚಿಸ್ಕೊರ್ರಿ. ಯಾರ ಹಚ್ಚತಾರ ಅಂತ ನನ್ನ ಕೇಳಬ್ಯಾಡ್ರಿ, ನನಗೇನು ಗೊತ್ತು. ನಿಮ್ಮವ್ವನ ಮೊಣಕಾಲು ಪೂರಾ ಹೋಗ್ಯಾವ, ಬಾಯಿ ಮಾತ್ರ ಗಟ್ಟಿ ಅದ. ನಿಮ್ಮ ಫೋನ್ ಬಂದ್ ಆಗಿ ವರ್ಷ ಆಯ್ತು. ಮನ್ನಿ ಬಳಿ ಮಾರೋ ಖುರ್ಷಿದ ಸೊಲ್ಲಾಪುರಕ್ಕ ಮಾಲ್ ತರಾಕ ಹೋದಾಗ ನಿಮ್ಮನ್ನ ನೋಡಿದ್ಳಂತ. "ಮನಿ ಗೊತ್ತದ, ಪತ್ರ ಬರದುಕೊಟ್ರ ಮುಟ್ಟಿಸ್ತೇನಿ" ಅಂದ್ಳು. ಮತ್ತೇನು ಕೇಳಿದ್ರೂ ತಲಿ ಎತ್ತಲಿಲ್ಲ, ಬಳಿ ಜೋಡಿಸ್ಕೋತ ಕುಂತ್ಳು. ಅದಕ್ಕ ಬರ್ಯಾಕತ್ತೇನಿ.

ನಿನ್ನಿ ಹೂವಿನ ದಿಂಡಿ ಆಯ್ತ್ರಿ. ಈ ಸಲ ಚಳಿ ಅಂದ್ರ ಚಳಿ, ಬಿಸಿಲು ಏರೋತನಕ ಗುಡ್ಡ ಕಾಣಲಿಲ್ಲ. ತೊಗರಿ ರಾಶಿ ಮುಗದಾವ, ಕುಸುಬಿ ಹೂ ಬಿಟ್ಟದ. ಮನಿಮನಿಯಿಂದ ಚೆಂಡುಹೂವು, ಸೇವಂತಿ, ಕುಸುಬಿ ಬುಟ್ಟಿ ತಲಿ ಮ್ಯಾಲ ಹೊತ್ಕೊಂಡು ಹೆಣ್ಮಕ್ಕಳು ಸಾಲಾಗಿ ಗುಡ್ಡದವ್ವನ ಗುಡಿಗಿ ಹೊಂಟ್ರು, ಓಣಿ ತುಂಬ ವಾಸನಿ. ಎಲ್ಲಾರಕಿಂತ ಮುಂದಿನ ಬುಟ್ಟಿ ನಮ್ಮ ಮನಿದು, ನಿಮ್ಮ ಮುತ್ತ್ಯಾನ ಕಾಲದಿಂದ ಬಂದದ್ದು. ಅದನ್ನ ಹೊತ್ತಾಕಿ ಗಂಡನ ಟವಲಿಗಿ ಸೆರಗು ಗಂಟು ಹಾಕ್ಕೊಂಡು ಅವನ ಜೋಡಿ ಗುಡ್ಡ ಏರಬೇಕು, ಮನಿಗಿ ಬಂದ ಮ್ಯಾಲ ಗಂಡನೇ ಗಂಟು ಬಿಚ್ಚಬೇಕು. ಗಂಡ ಊರಾಗ ಇಲ್ಲಂದ್ರ ಬರೇ ಟವಲು ನಡೀತದ. ನಿಮಗ ಮರ್ತಿರಬೇಕು ಅಂತ ಇಷ್ಟೆಲ್ಲಾ ಬರದೇನಿ. ನೀವು ಹೋದಾಗಿಂದ ನಾ ನಿಮ್ಮ ಹಸರು ಟವಲಿನ ಹೆಂಡ್ತಿ ಆಗೇನಿ. ಅದಾದ್ರೂ ಕರದಲ್ಲಿಗಿ ಬರ್ತದ.

ನಿನ್ನಿ ಗಂಟು ನಿಮ್ಮವ್ವನೇ ಹಾಕಿದ್ಳು. "ಬಿಗಿ ಇರ್ಲಿ ಬೇ, ಬಿಗಿ ಇರ್ಲಿ" ಅನ್ಕೋತ ಎರಡೂ ಕೈಲೆ ಜಗ್ಗಿ ಜಗ್ಗಿ ಹಾಕಿದ್ಳು, ಟವಲೂ ಎಲ್ಲಿಗರ ಓಡಿ ಹೋಗ್ತದೇನೋ ಅನ್ನೋ ಹಂಗ. ಗುಡ್ಡದವ್ವನ ಗುಡಿ ಮುಂದ ಬುಟ್ಟಿ ಇಳಿಸಿದೆ. ದಿಂಡಿ ನಡಸೋ ಮಹಾದೇವಪ್ಪ ಕಾಕಾ ಎಲ್ಲಾರ ಎದುರಿಗಿ ಅಂದ್ರು: "ಶಿವಕಾಂತಾ, ಬರೋ ವರ್ಷ ಅವ ಬರಲಿಲ್ಲಂದ್ರ ಈ ಬುಟ್ಟಿ ಮಗ್ಗಲ ಓಣಿ ಚಂದಪ್ಪನ ಮನಿಗಿ ಹೋಗ್ತದ. ದುಡ್ಯಾಕ ಹೋದವನ ಬದ್ಲಿ ಟವಲು ನಡೀತದ ತಂಗಿ, ಬಿಟ್ಟು ಹೋದವನ ಬದ್ಲಿ ನಡ್ಯಂಗಿಲ್ಲ." ನನಗ ಸಿಟ್ಟು ನೆತ್ತಿಗೇರ್ತು. "ಬಿಟ್ಟು ಹೋಗ್ಯಾರ ಅಂತ ನಿಮಗ್ಯಾರ ಹೇಳಿದ್ರಿ?" ಅಂತ ಕೇಳೇ ಬಿಟ್ಟೆ. ಎಲ್ಲಾರೂ ತಮ್ಮ ತಮ್ಮ ಬುಟ್ಟಿ ನೋಡಾಕತ್ರು. ಬುಟ್ಟಿ ಹೋದ್ರ ಹೋಗ್ಲಿ ಬಿಡ್ರಿ, ನನಗ ಅದರ ಹಂಬಲ ಇಲ್ಲ. ಆದ್ರ ಅದು ನನ್ನ ತಲಿ ಮ್ಯಾಲ ಇರೋತನಕ ಊರಾಗ ನಾ ನಿಮ್ಮ ಹೆಂಡ್ತಿ. ಅದು ಹೋದ ದಿನ ಗಂಡ ಬಿಟ್ಟಾಕಿ.

ಸಪ್ನಾ ಅಂಗನವಾಡಿಗಿ ಹೋಗಾಕತ್ತಾಳ. ನಿಮ್ಮ ಮೂಗು, ನಿಮ್ಮವ್ವನ ಬಾಯಿ. "ನಿಮ್ಮ ಪಪ್ಪಾ ಎಲ್ಲಿದ್ದಾರ?" ಅಂತ ಟೀಚರ್ ಕೇಳಿದ್ರ "ಗೂಟದ ಮ್ಯಾಲ" ಅಂದಾಳ. ಟೀಚರ್ ನಕ್ಕೋತ ಹೇಳಿದ್ರು, ನಾನೂ ನಕ್ಕೆ, ಮನಿಗಿ ಬಂದು ಒಲಿ ಮುಂದ ಕುಂತು ಅತ್ತೆ. ದಿನಾ ಹೊರಗ ಹೋಗೋವಾಗ ಗೂಟಕ್ಕ ಹಾಕಿದ ಆ ನಿಮ್ಮ ಟವಲಿಗಿ "ಪಪ್ಪಾ, ಟಾಟಾ" ಅಂದೇ ಹೋಗ್ತಾಳ. ನಾ ತಿದ್ದಿಲ್ಲ. ಏನಂತ ತಿದ್ದಲ್ರಿ?

ಹಿಂದಿನ ವರ್ಷೆಲ್ಲಾ ಗಂಟು ನಿಮ್ಮವ್ವ ಬಿಚ್ಚತಿದ್ಳು. ಈ ಸಲ ನಾ ಬಿಡಲಿಲ್ಲ. ಸೀರಿ ಬದಲಿಸಿ, ಅದನ್ನ ಟವಲಿನ ಜೋಡಿ ಹಂಗೇ ಗೂಟಕ್ಕ ಹಾಕೇನಿ. ನೀವೇ ಬಂದು ಬಿಚ್ಚರಿ. ಒಂದೇ ದಿನಕ್ಕ ಬರ್ರಿ, ಉಳೀರಿ ಅನ್ನಂಗಿಲ್ಲ, ಬೈಯಂಗಿಲ್ಲ, ಯಾಕ ಹೋದ್ರಿ ಅಂತ ಕೇಳಂಗಿಲ್ಲ. ನೀವು ಬರ್ತೀರಿ ಅಂತ ನನಗ ನಂಬಿಕಿ ಇಲ್ಲ, ಖರೇನ ಹೇಳ್ತೇನಿ. ಆದ್ರೂ ಕೈ ಬರ್ಯಾಕತ್ತದ.

"ನನ್ನ ಮಗ ಎಲ್ಲೇ ಇರ್ಲಿ, ಹೊಟ್ಟಿ ತುಂಬ ಉಂಡು ತಣ್ಣಗ ಇರ್ಲಿ ಅಂತ ಬರಿ" ಅಂದ್ಳು ನಿಮ್ಮವ್ವ. ಬರದೆ. ಗುಡ್ಡದವ್ವ ನಿಮ್ಮನ್ನ ಕಾಯಲಿ.

ನಿಮ್ಮ ಮನಿಯಾಕಿ,
ಶಿವಕಾಂತಾ

ತಾ.ಕ.: ಖುರ್ಷಿದ ಪತ್ರ ಒಯ್ಯಾಕ ಬಂದು ಬಾಗಲಾಗ ಕುಂತಾಳ, ಲಗೂನ ಬರ್ಯಾಕತ್ತೇನಿ. ಸಪ್ನಾ ದಿಂಡಿ ಹೂವು ಒಂದು ಟವಲಿನ ಗಂಟಿಗಿ ಸಿಗಿಸಿ, ಆಕಿ ಕೈ ಹಿಡದು ಎಳಕೊಂಡು ಹೋಗಿ "ನೋಡು, ನಮ್ಮ ಪಪ್ಪಾ" ಅಂತ ತೋರಿಸಿದ್ಳು. ಖುರ್ಷಿದ ತಡಕೊಳ್ಳಲಿಲ್ಲ, ಅತ್ತು ಎಲ್ಲಾ ಹೇಳಿದ್ಳು. ನಿಮಗ ಅಲ್ಲಿ ಹೆಂಡ್ತಿ ಅದಾಳಂತ, ಗಂಡು ಕೂಸು ಅಂಬೆಗಾಲು ಇಡಾಕತ್ತದಂತ. ಬರಬ್ಯಾಡ್ರಿ. ಮ್ಯಾಲಿನ ಪತ್ರ ಹರದು ಒಲಿಗಿ ಹಾಕ್ತಿದ್ದೆ, ಅದರಾಗ ನಿಮ್ಮವ್ವನ ಮಾತು ಅದ ಅಂತ ಹಂಗೇ ಕಳಸಾಕತ್ತೇನಿ. ಬುಟ್ಟಿ ಚಂದಪ್ಪನ ಮನಿಗಿ ಕೊಡ್ರಿ ಅಂತ ಕಾಕಾಗ ನಾನೇ ಹೇಳ್ತೇನಿ. ಟವಲು ಈ ಪತ್ರದ ಜೋಡಿ ಅದ. ಗಂಟು ಬಿಚ್ಚಾಕ ಭಾಳ ನೋಡಿದೆ, ಬರಲಿಲ್ಲ, ನನ್ನ ಸೆರಗೇ ಕತ್ತರಿಸಿದೆ. ಆ ತುಂಡು ಗಂಟಿನಾಗೇ ಉಳದದ, ಅಲ್ಲಿನಾಕಿ ಕೇಳಿದ್ರ ಏನರ ಹೇಳ್ಕೊರ್ರಿ. ಸಪ್ನಾ ಖಾಲಿ ಗೂಟ ನೋಡಿ "ಪಪ್ಪಾ ಹೋದ" ಅಂತ ಅಳಾಕತ್ತಾಳ, ಸುಮ್ಮನಾಗವಲ್ಲಳು. ನೀವು ಹೋದ ದಿನ ಆಕಿ ತೊಟ್ಟಿಲದಾಗ ಮಲಗಿದ್ಳು.