ದಡದಲ್ಲಿ ಉಳಿದ ಕ್ಲಾರಿನೆಟ್

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಮಗ, ಸೊಸೆ ಕೆಲಸಕ್ಕೆ ಹೋದರು. ಪಾತ್ರೆ ತೊಳೆದೆ. ಮೊಮ್ಮಗಳ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ಅವಳೇ ಹಾಕಿದರೆ ತೋಳಿಗೆ ಎರಡೆರಡು ಗೆರೆ — ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ. ಅವಳು ಹಿಂದಿನ ಕೋಣೆಯಲ್ಲಿ ಟ್ರಂಪೆಟ್ ಊದುತ್ತಿದ್ದಳು. ಅದೇ ಎಂಟು ಸ್ವರ, ನಲವತ್ತು ಸಲ. ಎದುರುಮನೆ ನಾಯಿಗೂ ಬಾಯಿಪಾಠವಾಗಿದೆ.

ನೌಕಾಪಡೆಯ ಬ್ಯಾಂಡಿಗೆ ಸೇರಿ ಆರು ತಿಂಗಳು. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳತೊಡಗಿದ್ದೇ ಈಚೆಗೆ. ಇದೇ ತಿಂಗಳು ಹಡಗು ಹತ್ತುತ್ತಾಳೆ. ಯಾಕೆ ಸೇರಿದೆ ಎಂದು ಯಾರು ಕೇಳಲಿ, ಒಂದೇ ಉತ್ತರ — "ನಮ್ಮ ತಾತ ಮುಳುಗ್ತಿರೋ ಹಡಗಲ್ಲಿ ಕೊನೇ ಉಸಿರಿನ ತನಕ ಕ್ಲಾರಿನೆಟ್ ಊದಿದೋರು."

ಅವಳು ಹಾಗೆ ಹೇಳುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಮಾರ್ಚ್ 5, ಬುಧವಾರ, ಮಧ್ಯಾಹ್ನ

ನೌಕಾಪಡೆಯ ಮ್ಯೂಸಿಯಂ ಆಫೀಸರ್ ಬಂದಿದ್ದ. ಬೂಟಿಗೆ ಹಾಕಿ ಉಳಿದ ಪಾಲಿಶನ್ನು ಮೀಸೆಗೂ ತಿಕ್ಕಿಕೊಂಡಿರಬೇಕು. ಬ್ಯಾಂಡಿಗೆ ನೂರು ವರ್ಷವಂತೆ. ಪುಸ್ತಕ ಬರುತ್ತದಂತೆ — ಕಹಳೆ ಊದಿ ನಾವಿಕರನ್ನು ಎಬ್ಬಿಸುತ್ತಿದ್ದ ಇಬ್ಬರಿಂದ ಶುರುವಾಗಿದ್ದು, ಈಗ ಪರದೇಶದ ದೊಡ್ಡವರು ಬಂದಿಳಿದರೆ ನುಡಿಸಲು ಅರವತ್ತು ಜನ. ಬಂದರಿನಲ್ಲಿ ಕಂಚಿನ ವಿಗ್ರಹ ಬೇರೆ. ವಾಲಿದ ಡೆಕ್ಕು, ಅದರ ಮೇಲೆ ಹನ್ನೊಂದು ಜನ, ಕೈಯಲ್ಲಿ ವಾದ್ಯ. ಎಲ್ಲರಿಗಿಂತ ಮುಂದೆ ನಮ್ಮ ಯಜಮಾನರು.

"ಪರದೆ ನೀವೇ ಸರಿಸಬೇಕಮ್ಮ. ಆ ಹನ್ನೊಂದು ಮನೆಗಳಲ್ಲಿ ಹೆಂಡತಿ ಅಂತ ಉಳಿದಿರೋದು ನೀವೊಬ್ಬರೇ."

"ಬಾಕಿಯವರು ಬುದ್ಧಿವಂತರು," ಎಂದೆ.

ನಕ್ಕ. ತಮಾಷೆ ಎಂದುಕೊಂಡ.

ಫೋಟೋ ತೋರಿಸಿದ. ವಿಗ್ರಹದ ತಲೆ ತುಂಬ ಕೂದಲು! ಇವರಿಗೆ ಇಪ್ಪತ್ತೆಂಟಕ್ಕೇ ನೆತ್ತಿ ಬಯಲಾಗಿತ್ತು. ಸತ್ತೆಮ್ಮೆಗೆ ಹತ್ತು ಸೇರು ಹಾಲು.

ಮಾರ್ಚ್ 6, ಗುರುವಾರ

ಯಾರೂ ಓದದ ಈ ನನ್ನ ಡೈರಿಯಲ್ಲಿ ಸುಳ್ಳು ಯಾಕೆ. ನನ್ನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲೇ ಬರೆದುಬಿಡುತ್ತೇನೆ.

ಕ್ಲಾರಿನೆಟ್ ನನ್ನ ಟ್ರಂಕಿನಲ್ಲಿದೆ. ಹಡಗು ಮುಳುಗಿದ ದಿನವೂ ಅಲ್ಲೇ ಇತ್ತು.

ಯುದ್ಧ ಬಂದರೆ ವಾದ್ಯಗಳನ್ನೆಲ್ಲ ದಡಕ್ಕೆ ಇಳಿಸುತ್ತಿದ್ದರು. ಬ್ಯಾಂಡಿನವರನ್ನು ಹಡಗಿನ ತಳಕ್ಕೆ, ಫಿರಂಗಿ ಲೆಕ್ಕದ ಕೋಣೆಗೆ ಇಳಿಸುತ್ತಿದ್ದರು. ಶತ್ರುವಿನ ಹಡಗು ಎಷ್ಟು ದೂರ, ಯಾವ ವೇಗ — ಹಿಡಿಕೆ ತಿರುಗಿಸುತ್ತಾ ಲೆಕ್ಕ ಹಿಡಿಯುವ ಕೆಲಸ. "ತಾಳ ತಪ್ಪದವನಿಗೆ ಲೆಕ್ಕ ತಪ್ಪುತ್ತೇನೇ?" ಎಂದು ಜಂಬ ಕೊಚ್ಚಿ, ವಾದ್ಯದ ಪೆಟ್ಟಿಗೆ ನನ್ನ ಕೈಗಿಟ್ಟು ಹೋದರು.

ಆಮೇಲೆ ಬಂದದ್ದು ಪತ್ರ. ಡೆಕ್ಕಿನ ಮೇಲೆ ವಾದ್ಯ ನುಡಿಸುತ್ತಾ ಮಡಿದರು ಎಂದು. ಪೇಪರಿನಲ್ಲಿ ಚಿತ್ರವೂ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕಟ್ಟಿದವಳು ನಾನೇ. ಮಗನಿಗೆ ಮೂರು ವರ್ಷ. ಅಪ್ಪ ಎಲ್ಲಿ ಎಂದು ಅತ್ತರೆ ಆ ಕಥೆ ಹೇಳಿ ಮಲಗಿಸುತ್ತಿದ್ದೆ. ಮೊಮ್ಮಗಳಿಗೂ ಅದನ್ನೇ ಉಣಿಸಿದೆ. ಈಗ ಅವಳು ಆ ಕಥೆ ನಂಬಿಕೊಂಡು ಹಡಗು ಹತ್ತುತ್ತಾಳೆ. ಹೇಳಬೇಕು. ಹತ್ತುವುದರೊಳಗೆ ಹೇಳಬೇಕು.

ಮಾರ್ಚ್ 9, ಭಾನುವಾರ, ಸಂಜೆ

ಎರಡು ಬಸ್ಸು ಬದಲಾಯಿಸಿ ಡ್ರಮ್ಮಿನವನ ಮನೆಗೆ ಹೋಗಿಬಂದೆ. ಆ ಬ್ಯಾಂಡಿನಲ್ಲಿ ಬದುಕಿ ಬಂದವನು ಅವನೊಬ್ಬನೇ. ಐವತ್ತೈದು ವರ್ಷದಿಂದ ಕಂಡ ಕಂಡ ಸಭೆಯಲ್ಲಿ ಡೆಕ್ಕಿನ ಕಥೆ ಹೇಳುತ್ತಿರುವವನು.

"ಬನ್ನಿ ಅತ್ತಿಗೆ," ಎಂದ. ಚಹಾ ಕೊಟ್ಟ.

"ಅವತ್ತು ನೀನೆಲ್ಲಿದ್ದೆ?"

"ಗೊತ್ತಲ್ಲ ನಿಮಗೆ, ಡೆಕ್ಕಲ್ಲಿ ನಾವೆಲ್ಲ—"

"ಅದನ್ನ ಮೈಕಿಗೆ ಇಟ್ಕೋ. ಅವರ ಕ್ಲಾರಿನೆಟ್ ನನ್ನ ಹತ್ರ ಇದೆ."

ಲೋಟ ಕೆಳಗಿಟ್ಟ.

"ಅವರೆಲ್ಲ ಕೆಳಗೆ ಲೆಕ್ಕದ ಕೋಣೇಲಿ. ನನ್ನನ್ನ ಮೇಲೆ, ಆ ಕೋಣೆ ಮುಚ್ಚಳದ ಹತ್ರ ನಿಲ್ಸಿದ್ರು. ಪಕ್ಕದ ಕೋಣೆಗೆ ನೀರು ನುಗ್ತು. ಮುಚ್ಚು, ಇಲ್ದಿದ್ರೆ ಹಡಗೇ ಹೋಗುತ್ತೆ ಅಂತ ಆರ್ಡರ್ ಬಂತು. ಮುಚ್ಚಿದೆ ಅತ್ತಿಗೆ. ಎಂಟು ತಿರುಪು."

"ಹಡಗು ಉಳೀತಾ?"

"ಇಲ್ಲ."

"ಅವರು ಕೂಗಿದ್ರಾ?"

"ಕೂಗು ಕೇಳಲ್ಲ, ಕಬ್ಬಿಣ ದಪ್ಪ. ತಟ್ಟಿದ್ರು. ಇನ್ನೂರ ಹನ್ನೆರಡು ಸಲ."

"ಎಣಿಸ್ತಾ ನಿಂತಿದ್ಯಾ?"

"ಎಣಿಸೋದು ಬಿಟ್ಟು ನನಗಿನ್ನೇನು ಬರುತ್ತೆ ಹೇಳಿ."

ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಆ ಕಪಾಳದಲ್ಲಿ ಬಾರಿಸಲು ಮಾಂಸವೇ ಇರಲಿಲ್ಲ. ಚಹಾ ಮುಟ್ಟದೆ ಎದ್ದು ಬಂದೆ. ನನ್ನ ಕೈಲಾದ ಶಿಕ್ಷೆ ಅಷ್ಟೇ.

ಮಾರ್ಚ್ 16, ಭಾನುವಾರ

ಒಂದು ವಾರ ಪೆನ್ನು ಮುಟ್ಟಲಿಲ್ಲ. ಬಾಯಿಯೂ ಬಿಡಲಿಲ್ಲ.

ಇವತ್ತು ಶುರುಮಾಡಿದೆ. "ನೋಡೇ, ನಿಮ್ಮ ತಾತ..."

"ಅಜ್ಜೀ, ಬೆಲ್ಟ್ ಸರಿಯಾಗಿದ್ಯಾ ನೋಡು ಮೊದ್ಲು!" ಗಿರ್ರನೆ ತಿರುಗಿ ನಿಂತಳು. ಹೊಸ ಬಕಲ್ಲು, ಅದಕ್ಕಿಂತ ಹೆಚ್ಚು ಹೊಳೆಯುವ ಮುಖ. ಬೆಲ್ಟು ಸರಿಮಾಡಿ ಕಳಿಸಿದೆ.

ವಿಗ್ರಹದ ಮುಂದೆ ಹೇಳುತ್ತೇನೆ. ಒಬ್ಬಳ ಮುಂದೆ ಬಾಯಿ ಬಾರದವಳು ಸಾವಿರ ಜನರ ಮುಂದೆ ಹೇಳುತ್ತಾಳಂತೆ!

ಮಾರ್ಚ್ 22, ಶನಿವಾರ, ಸಂಜೆ

ಬಂದರಿನಲ್ಲಿ ಬಿಸಿಲು. ಸಾಲು ಸಾಲು ಕುರ್ಚಿ. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಪರದೆ ಎಳೆದೆ. ಚಪ್ಪಾಳೆ. ಮೈಕ್ ಮುಂದೆ ಹಿಡಿದರು. ಪೆಟ್ಟಿಗೆ ತೆರೆದೆ.

"ಇದು ಅವರದ್ದು. ಅವತ್ತು ಇದು—"

ಮೀಸೆ ಆಫೀಸರ್ ಕ್ಲಾರಿನೆಟ್ ಕಸಿದು ಮೇಲೆತ್ತಿ ಹಿಡಿದ. ಕಣ್ಣಲ್ಲಿ ನೀರು ಬೇರೆ. "ಸಮುದ್ರವೇ ಹಿಂದಿರುಗಿಸಿದ ಕ್ಲಾರಿನೆಟ್!" ಎಂದುಬಿಟ್ಟ.

ಜನ ಎದ್ದು ನಿಂತರು. ಅದರ ಮೇಲೆ ಉಪ್ಪುನೀರಿನ ಒಂದು ಕಲೆಯಿಲ್ಲ. ಯಾರೂ ನೋಡಲಿಲ್ಲ.

"ಅಲ್ಲಪ್ಪಾ! ಸಮುದ್ರ ಅಲ್ಲ, ನನ್ನ ಟ್ರಂಕು—"

ಬ್ಯಾಂಡ್ ಮಾಸ್ಟರ್ ಕೋಲು ಎತ್ತಿದ. ಎರಡನೇ ಸಾಲಿನಲ್ಲಿ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಟ್ರಂಪೆಟ್ ಬಾಯಿಗಿಟ್ಟಳು. ನನ್ನ ಮಾತು ನನಗೇ ಕೇಳಿಸಲಿಲ್ಲ. ಬ್ಯಾಂಡು ಯಾತಕ್ಕೆ ಇಟ್ಟಿದ್ದಾರೆ ಎಂದು ಇಷ್ಟು ವರ್ಷಕ್ಕೆ ಅರ್ಥವಾಯಿತು.

ಕ್ಲಾರಿನೆಟ್ ಗಾಜಿನ ಬೀರು ಸೇರಿತು. ಖಾಲಿ ಪೆಟ್ಟಿಗೆ ಹಿಡಿದು ಮನೆಗೆ ಬಂದೆ.

ಮಾರ್ಚ್ 23, ಭಾನುವಾರ, ಬೆಳಿಗ್ಗೆ 7

ಹೇಳಿಬಿಟ್ಟೆ. ಹತ್ತು ಗಂಟೆಗೆ ಅವಳ ಹಡಗು, ಇನ್ನು ಕಾಯಲು ಏನಿದೆ. ಮುಚ್ಚಳ, ಎಂಟು ತಿರುಪು, ಇನ್ನೂರ ಹನ್ನೆರಡು — ಎಲ್ಲ. ಅವಳು ಚೀಲ ತುಂಬುತ್ತಲೇ ಇದ್ದಳು.

"ಗೊತ್ತು ಅಜ್ಜಿ. ಬ್ಯಾಂಡಲ್ಲಿ ಎಲ್ರಿಗೂ ಗೊತ್ತು. ಸೇರಿದ ಮೊದಲ್ನೇ ವಾರಾನೇ ಹಳಬರು ಹೇಳಿಬಿಡ್ತಾರೆ."

"ಮತ್ತೆ ಊದ್ತಾ ಊದ್ತಾ ಸತ್ತರು ಅಂತ ಊರೆಲ್ಲ ಸಾರ್ತಿದ್ಯಲ್ಲೇ!"

"ನಿನ್ನ ಕಿವಿಗೆ ಬೀಳ್ಲಿ ಅಂತ. ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಈ ವಯಸ್ಸಲ್ಲಿ ಯಾಕೆ ಮನಸ್ಸು ಮುರೀಬೇಕು ಅಂತ..."

ಮೂರು ಕೋಣೆಯ ಮನೆ. ಒಬ್ಬರಿಗೊಬ್ಬರು ಸುಳ್ಳು ಬಡಿಸಿಕೊಂಡು ಹೊಟ್ಟೆ ತುಂಬಿತೆಂದು ಕೈ ತೊಳೆದುಕೊಂಡೆವು.

"ನಿನ್ನೆ ನಾನು ಮಾತಾಡ್ತಿದ್ದಾಗ ಊದಿದೆಯಲ್ಲ?"

"ಕೋಲು ಎದ್ರೆ ಊದ್ಬೇಕು ಅಜ್ಜಿ."

ಡ್ರಮ್ಮಿನವನಿಗೆ ಆರ್ಡರು, ಇವಳಿಗೆ ಕೋಲು. ಹೋಗಬೇಡ ಎಂದೆ. ಸಹಿ ಹಾಕಿಯಾಗಿದೆ ಎಂದಳು.

"ಯುದ್ಧ ಬಂದ್ರೆ ಈಗ ನಿಮಗೇನು ಕೆಲಸ ಕೊಡ್ತಾರೆ?"

"ಗಾಯ ಆದೋರನ್ನ ಸ್ಟ್ರೆಚರಲ್ಲಿ ಹೊರೋದು."

"ಹೊತ್ಕೊಂಡು ಎಲ್ಲಿಗೆ? ಮೇಲಕ್ಕೋ, ಕೆಳಕ್ಕೋ?"

ಬೂಟಿನ ಲೇಸು ಬಿಗಿಯುತ್ತಿದ್ದವಳು ತಲೆ ಎತ್ತದೆ, "ಕೆಳಕ್ಕೆ ಅಜ್ಜಿ," ಎಂದಳು.