ದಶಾವತಾರದ ಪಕ್ಕದ ಗುರು

ಯಜಮಾನರಿಗೆ,

ತವರಿಗೆ ಬಂದು ತಲುಪಿದೆ.

ಪಟಗಳಿಗೆ ಕಟ್ಟು ಹಾಕುವ ನಿಮ್ಮ ಅಂಗಡಿಯಲ್ಲಿ ಗಿರಾಕಿಯನ್ನು ಕೇಳದೆ ಯಾವ ಪಟಕ್ಕೂ ಕತ್ತರಿ ಹಾಕದ ನೀವು, ನನ್ನ ಗುರುವಿನ ಪಟದ ಅಂಚು ಕತ್ತರಿಸಿ ದಶಾವತಾರದ ಪಟದ ಜೊತೆ ಸೇರಿಸಿ ಒಂದೇ ಗಾಜಿನ ಕಟ್ಟು ಹಾಕಿದಿರಿ. ಅತ್ತೆ "ಇವರು ಯಾರಪ್ಪಾ?" ಅಂದಾಗ "ಇವರೂ ನಮ್ಮ ವಿಷ್ಣುವಿನ ಅವತಾರಾನೇ ಕಣಮ್ಮ" ಅಂದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ.

ನಮ್ಮ ಸಿಖ್ಖರ ದೇವರು ಹುಟ್ಟಿ ಬರುವವನಲ್ಲ, ಗುರು ದಾರಿ ತೋರಿದವರೇ ಹೊರತು ದೇವರಲ್ಲ ಎಂದು ಮದುವೆಗೆ ಮುಂಚೆ ಅಪ್ಪ ಬಿಡಿಸಿ ಹೇಳಿದ್ದರು. ನೀವು ತಲೆಯಾಡಿಸಿದ್ದಿರಿ. ನಿಮ್ಮ ಅವತಾರಗಳ ಬಗ್ಗೆ ನಾನು ಎಂದೂ ತುಟಿ ಬಿಚ್ಚಿಲ್ಲ.

ಕಟ್ಟಿನ ಹಿಂದಿನ ಮೊಳೆ ಕಿತ್ತು, ಪಟವನ್ನು ಮಡಿಸದೆ ಕಳಿಸಿ. ಗಾಜು ನಿಮಗೇ ಇರಲಿ. ಅತ್ತೆಯ ಮೇಲೆ ರೇಗಬೇಡಿ. ಪಾಪ, ಅವರಿಗೆ ಗೊತ್ತಿರಲಿಲ್ಲ, ಕೇಳಿದರು. ನಿಮಗೆ ಗೊತ್ತಿತ್ತು.

ಇಂತಿ,
ನನ್ನಪ್ಪನ ಮಗಳು